ಪಿಸ್ಟನ್ನಿಗೆ ಮತದಾನ

ಪಿಸ್ಟನ್ ಆರಿಸಲು ಮತದಾನ ನಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ವಾಟ್ಸಾಪ್ ಗುಂಪೊಂದರಲ್ಲಿ ಮೂರು ಆಯ್ಕೆ ಕೊಟ್ಟು, ಮೇಲೊಂದು ಬೆಂಕಿಯ ಚಿತ್ರ ಹಾಕಿ, 'ವೋಟ್ ಮಾಡ್ರೋ ಬಾಯ್ಸ್' ಎಂದು ಬರೆದಿದ್ದರು. ಗೆದ್ದ ಪಿಸ್ಟನ್ನು ಯಾರ ಇಂಜಿನ್ನಿಗೆ, ಯಾವ ಅಳತೆಯ ಸಿಲಿಂಡರಿಗೆ ಎಂದು ಕೇಳಿದವರು ಒಬ್ಬರೂ ಇಲ್ಲ. ಪ್ರಜಾಪ್ರಭುತ್ವದ ಮೇಲೆ ನನಗೆ ಗೌರವವಿದೆ. ಆದರೆ ಲೋಹವು ಬಹುಮತ ನೋಡಿಕೊಂಡು ಹಿಗ್ಗುವುದಿಲ್ಲ.

ಆ ಫಲಿತಾಂಶವನ್ನು ಫೋನಿನಲ್ಲಿ ಹಿಡಿದುಕೊಂಡು ನಮ್ಮ ಗ್ಯಾರೇಜಿಗೆ ಬಂದವನು ಬಸವೇಶ್ವರನಗರದ ಒಬ್ಬ ಯುವಕ. ದೀಪಾಂಜಲಿ ನಗರದ ಮೆಟ್ರೋ ಕಂಬಗಳ ಹಿಂದಿನ ಅಡ್ಡರಸ್ತೆಯಲ್ಲಿ ನಮ್ಮ ಗ್ಯಾರೇಜು. ಬಿಚ್ಚಿದ ಇಂಜಿನ್ನಿಗೆ ಯಾವ ಭಾಗ ಹಾಕಬೇಕೆಂದು ತೀರ್ಮಾನಿಸುವುದು ಅಲ್ಲಿ ನನ್ನ ಕೆಲಸ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದವಳೆಂದು ಗೊತ್ತಾದಂದಿನಿಂದ ಮಾಲೀಕರು ನನ್ನನ್ನು ಕರೆಯುವುದೇ 'ಲಾಯರಮ್ಮ' ಎಂದು. ಅದರಲ್ಲಿ ಮೆಚ್ಚುಗೆ ಕಡಿಮೆ, ದೂರು ಜಾಸ್ತಿ.

"ಮೇಡಂ, ನಿಮ್ ಸಾರ್ ಇಲ್ವಾ?" ಎಂದ ಯುವಕ.

"ಇದಾರೆ, ಒಳಗೆ ಟೀ ಕುಡೀತಿದಾರೆ. ಟೀ ವಿಷಯ ಆದ್ರೆ ಅವ್ರ ಹತ್ರ ಹೋಗಿ. ಇಂಜಿನ್ ವಿಷಯ ಆದ್ರೆ ಇಲ್ಲೇ ಹೇಳಿ."

ಅವನ ಕಾರು ಹಿಂದಿನ ದಿನವೇ ಬೇರೊಂದು ಗಾಡಿಯ ಬೆನ್ನೇರಿ ಬಂದಿತ್ತು. ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇರುವ ಪೆಟ್ರೋಲ್ ಹ್ಯಾಚ್‌ಬ್ಯಾಕು. ಪುಟ್ಟ ದೇಹ, ದೊಡ್ಡ ಗುಂಡಿಗೆ. ಕಂಪನಿ ಆ ಮಾದರಿಯನ್ನು ಇಲ್ಲಿ ಮಾರುವುದನ್ನು ಎಂದೋ ನಿಲ್ಲಿಸಿದೆ. ಸಿಲಿಂಡರುಗಳಿರುವ ಎರಕದ ಬ್ಲಾಕ್ ಹೊಸದಾಗಿ ಎಲ್ಲೂ ಸಿಗುವುದಿಲ್ಲ. ಇರುವುದನ್ನು ಕೊರೆದು ಅಗಲ ಮಾಡಿ, ಅದಕ್ಕೆ ತಕ್ಕ ದಪ್ಪ ಪಿಸ್ಟನ್ ಹಾಕಬೇಕು. ಆ ಎರಕದ ಗೋಡೆ ತಡೆದುಕೊಳ್ಳುವುದು ಒಂದೇ ಒಂದು ಕೊರೆತವನ್ನು. ತಪ್ಪಾಗಿ ಕೊರೆದರೆ ಕಾರು ಗುಜರಿಗೆ.

ನಾವು ಬಿಚ್ಚಿ ನೋಡಿದಾಗ ಮೂರನೇ ಸಿಲಿಂಡರಿನ ಪಿಸ್ಟನ್ನಿನಲ್ಲಿ ರಿಂಗು ಕೂರುವ ಅಂಚು ಚಕ್ಕೆಯೆದ್ದು ಹೋಗಿತ್ತು. ಪೆಟ್ರೋಲು ತನ್ನ ಸರದಿಗೆ ಮೊದಲೇ ಸಿಡಿದರೆ ಪಿಸ್ಟನ್ನಿನ ತಲೆಗೆ ಸುತ್ತಿಗೆ ಬಡಿದಂತಾಗುತ್ತದೆ. ಅದನ್ನೇ ನಾಕಿಂಗ್ ಅನ್ನುವುದು. ಯುವಕನ ಗುಂಪಿನ ಅಡ್ಮಿನ್ ಯಾವುದೋ ಸಾಫ್ಟ್‌ವೇರ್ ತುಂಬಿಸಿ ಟರ್ಬೋದ ಒತ್ತಡ ಏರಿಸಿಕೊಟ್ಟಿದ್ದ. ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಮಾತ್ರ ಹಳೆಯದೇ. ಊಟ ಎರಡರಷ್ಟು, ನೀರು ಅಷ್ಟೇ.

"ಎಲ್ಲಿ ಒಡೀತು?"

"ನಂದಿ ಬೆಟ್ಟ ಹತ್ತಿಸ್ತಾ ಇದ್ದೆ ಮೇಡಂ. ಫುಲ್ ಬೂಸ್ಟು. ಹೇರ್‌ಪಿನ್ನಲ್ಲಿ..." ಎಂದು ಅವನು ಕೈಯಲ್ಲೇ ಸ್ಟೀರಿಂಗ್ ತಿರುಗಿಸಿ ತೋರಿಸಿದ.

"ಸರಿ. ಬ್ಲಾಕ್ ಅಳೆಯೋವರೆಗೂ ಪಿಸ್ಟನ್ ಆರ್ಡರ್ ಮಾಡ್ಬೇಡಿ."

"ಆಗ್ಲೇ ಬಂದಾಯ್ತಲ್ಲ! ಗ್ರೂಪ್ ಬೈ. ಎಲ್ರಿಗೂ ಒಂದೇ ಸೈಜು, ಒಂದು ಮಿಲಿಮೀಟರ್ ಓವರ್."

ಮದುವೆಮನೆಯ ಗಂಡಸರಿಗೆಲ್ಲ ಒಂದೇ ಅಳತೆಗೆ ಜುಬ್ಬಾ ಹೊಲಿಸಿದ ಹಾಗೆ! ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಸವಕಳಿಯ ಇಂಜಿನ್ನುಗಳಿಗೆಲ್ಲ ಒಂದೇ ಅಳತೆ. ಯಾಕೆ ಒಂದು ಮಿಲಿಮೀಟರೇ ಎಂದು ಕೇಳಿದ್ದಕ್ಕೆ, "ದೊಡ್ಡದಿದ್ರೆ ಸಿಸಿ ಜಾಸ್ತಿ ಅಲ್ವಾ ಮೇಡಂ?" ಎಂದ. ಈ ಜನ ಚಪ್ಪಲಿಯನ್ನೂ ಹೀಗೇ ಕೊಳ್ಳುತ್ತಾರೆಯೇ ಎಂದು ಕೇಳಬೇಕೆನಿಸಿತು. ಗಿರಾಕಿಯಲ್ಲವೇ, ಕೇಳಲಿಲ್ಲ.

ಬ್ಲಾಕನ್ನು ಬಾಪೂಜಿ ನಗರದಲ್ಲಿ ಸಿಲಿಂಡರು ಕೊರೆದುಕೊಡುವ ಬೋರಿಂಗ್ ಶಾಪಿಗೆ ಒಯ್ದೆ. ಅದರ ಯಜಮಾನ ಇಂಜಿನ್ನಿನ ಮುಖವನ್ನೂ ನೋಡದೆ, "ಎಷ್ಟು ಹೊಡೀಲಿ? ಅರ್ಧನಾ? ಒಂದಾ?" ಎಂದ. ಹೋಟೆಲಿನಲ್ಲಿ ಕಾಫಿ ಅರ್ಧವೋ ಪೂರ್ತಿಯೋ ಎಂದು ಕೇಳುವಾಗಲಾದರೂ ಮಾಣಿ ಗಿರಾಕಿಯ ಮುಖ ನೋಡುತ್ತಾನೆ. ಈತ ದೇವಸ್ಥಾನದ ಗಂಟೆ ತಂದುಕೊಟ್ಟರೂ ಕೊರೆದುಕೊಡುವವ.

"ಈಗ ಏನೂ ಹೊಡೀಬೇಡಿ. ಮೊದ್ಲು ಗೋಡೆ ದಪ್ಪ ನೋಡೋಣ."

"ಎರಕದ್ ಗೋಡೆ ಅದು, ಇಟ್ಟಿಗೇದಲ್ಲ. ಇದ್ದೇ ಇರುತ್ತೆ."

ಶಬ್ದತರಂಗ ಹಾಯಿಸಿ ಲೋಹದ ದಪ್ಪ ಹೇಳುವ ಪುಟ್ಟ ಉಪಕರಣವೊಂದು ನಮ್ಮಲ್ಲಿದೆ. ಸಿಲಿಂಡರಿನ ನಾಲ್ಕೂ ದಿಕ್ಕಿಗೆ ಇಟ್ಟು ನೋಡುತ್ತ ಬಂದೆ. ಮೊದಲಿನವೆರಡು ಪರವಾಗಿಲ್ಲ. ಮೂರನೆಯದರ ಒಂದು ಪಕ್ಕ ಬೇರೆಯವಕ್ಕಿಂತ ಎದ್ದು ಕಾಣುವಷ್ಟು ತೆಳು. ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ಜರುಗಿದರೆ ಹೀಗಾಗುತ್ತದೆ. ಅರ್ಧ ಮಿಲಿಮೀಟರ್ ಅಗಲಿಸಿದರೆ ಗೋಡೆ ಉಳಿಯುತ್ತದೆ. ಪೂರಾ ಒಂದು ತೆಗೆದರೆ ಉಳಿಯುವುದು ಹಪ್ಪಳ. ಟರ್ಬೋದ ಒತ್ತಡಕ್ಕೆ ಅದು ಉಬ್ಬುತ್ತದೆ, ರಿಂಗು ಹಿಡಿತ ಬಿಡುತ್ತದೆ, ಒಂದು ದಿನ ಸೀಳುತ್ತದೆ.

ಬ್ಲಾಕನ್ನು ಗ್ಯಾರೇಜಿಗೆ ವಾಪಸ್ ತಂದು, ಇದನ್ನು ಯುವಕನಿಗೆ ಹೇಳಿದೆ. ಅವನು ಅಡ್ಮಿನ್ನನ್ನೇ ಕರೆತಂದ.

ಅಡ್ಮಿನ್ನನ ಬಗ್ಗೆ ಎರಡು ಮಾತು. ವಿಜಯನಗರದ ಆರ್‌ಪಿಸಿ ಲೇಔಟಿನವನು. ವಾರವಿಡೀ ಯಾವುದೋ ಕಚೇರಿಯಲ್ಲಿ ಕೂತು, ಭಾನುವಾರ ಮೈಸೂರು ರಸ್ತೆಯ ತಿಂಡಿ ಹೋಟೆಲಿನ ಮುಂದೆ ಜಗದ್ಗುರುವಾಗುತ್ತಾನೆ. ಅವನ ಗುಂಪಿಗೊಂದು ಆಚಾರವಿದೆ. ಕಾರಿನ ಹಿಂದಿನ ಗಾಜಿಗೆ ಇಂಜಿನ್ನಿನ ಅಶ್ವಶಕ್ತಿಯ ಸಂಖ್ಯೆಯನ್ನು ಅಂಟಿಸಬೇಕು. ಸಂಖ್ಯೆ ದೊಡ್ಡದಿದ್ದವನಿಗೆ ಪಾರ್ಕಿಂಗಿನಲ್ಲಿ ಮುಂದಿನ ಸಾಲು, ಚಿಕ್ಕದಿದ್ದವನಿಗೆ ಹಿಂದೆ, ಚರಂಡಿಯ ಪಕ್ಕ. ಭಾಗಗಳನ್ನು ಅವರು ಆರಿಸುವುದು ರಸ್ತೆಗಲ್ಲ, ಆ ಗಾಜಿಗೆ.

"ಗೋಡೆ ತೆಳು ಇದ್ರೆ ಏನಾಯ್ತು? ಸ್ಲೀವ್ ಹಾಕ್ಸಿ," ಎಂದ ಅಡ್ಮಿನ್. ಸ್ಲೀವ್ ಎಂದರೆ ಸಿಲಿಂಡರನ್ನು ಇನ್ನೂ ಅಗಲಕ್ಕೆ ಕೊರೆದು, ಒಳಗೊಂದು ಹೊಸ ಕೊಳವೆ ಬಿಗಿಯಾಗಿ ಕೂರಿಸುವುದು. "ಜರ್ಮನೀಲಿ ಹಾಕ್ತಾರೆ. ಮೊದಲಿಗಿಂತ ಸ್ಟ್ರಾಂಗು."

"ಜರ್ಮನೀಲಿ ಹಾಕ್ತಾರೆ, ಒಪ್ದೆ. ಬಾಪೂಜಿ ನಗರದಲ್ಲಿ ಯಾರು ಹಾಕ್ತಾರೆ?"

"ನೀವು ನೆಗೆಟಿವ್ ಮೇಡಂ."

"ನಾನು ನೆಗೆಟಿವ್ ಅಂತಾನೇ ಇಟ್ಕೊಳ್ಳಿ. ಗೋಡೆ ದಪ್ಪ ಆಗುತ್ತಾ?"

"ಒಂದು ಮಿಲಿಮೀಟರ್ ಪಿಸ್ಟನ್ನು, ದೊಡ್ಡ ಟರ್ಬೋ, ಎರಡಕ್ಕೂ ವೋಟ್ ಆಗಿದೆ. ನಂಬರ್ ಎಲ್ಲಿಗೆ ಹೋಗುತ್ತೆ ಗೊತ್ತಾ?"

"ಯಾವ ಆರ್‌ಪಿಎಂನಲ್ಲಿ?"

"ಆರು ಸಾವಿರದ ಮೇಲೆ."

"ವಿಜಯನಗರದ ಯಾವ ರೋಡು ನಿಮಗೆ ಆರು ಸಾವಿರ ಕೊಟ್ಟಿದೆ, ಸ್ವಲ್ಪ ಹೇಳಿ. ನಾನೂ ಹೋಗ್ಬರ್ತೀನಿ."

ಇಂಜಿನ್ ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗಿದರೆ ಮಾತ್ರ ಆ ಸಂಖ್ಯೆ. ದೊಡ್ಡ ಟರ್ಬೋ ತಿರುಗಲು ದೊಡ್ಡ ಗಾಳಿ ಬೇಕು. ಅದು ಎಚ್ಚರಾಗುವಷ್ಟರಲ್ಲಿ ನಮ್ಮ ರಸ್ತೆಯಲ್ಲಿ ಒಂದು ಹಂಪ್, ಒಂದು ಹಸು, ಒಂದು ಸಿಗ್ನಲ್ಲು ಬಂದಿರುತ್ತದೆ. ಇಷ್ಟನ್ನು ಬಿಡಿಸಿ ಬಿಡಿಸಿ ಹೇಳಿದೆ. ಯಾವ ತೀರ್ಪುಗಾರನಾದರೂ ಕಪ್ಪು ನನಗೇ ಕೊಡುತ್ತಿದ್ದ. ಆದರೆ ಅಲ್ಲಿದ್ದ ತೀರ್ಪುಗಾರರು ನಮ್ಮ ಮಾಲೀಕರು. ಅವರು ಟೀ ಲೋಟ ಕೆಳಗಿಟ್ಟು ಅಂದರು: "ಲಾಯರಮ್ಮ, ಕಸ್ಟಮರ್ ಕೇಳಿದ್ದು ಮಾಡಿ ಕೊಡೋಣ. ಪಿಸ್ಟನ್ ಬಂದಿದೆ, ಸ್ಲೀವ್ ಹಾಕ್ಸು."

ಯುವಕ ಗೆದ್ದವನಂತೆ ಫೋನ್ ತೆಗೆದು ಗುಂಪಿಗೆ ಏನೋ ಬರೆದ. ಟಣ್ ಟಣ್ ಎಂದು ಹೆಬ್ಬೆಟ್ಟುಗಳು ಬಂದವು. ಬ್ಲಾಕಿನ ಗೋಡೆ ಸೀಳುವ ದಿನ ಈ ಹೆಬ್ಬೆಟ್ಟುಗಳನ್ನು ಒತ್ತಿ ಹಿಡಿಯಬಹುದು.

ಚರ್ಚೆಯಲ್ಲಿ ಸೋಲುತ್ತಿರುವಾಗ ಕೊನೆಗೊಂದು ದಾರಿಯಿರುತ್ತದೆ. ವಾದ ಬಿಟ್ಟು ನಿಯಮ ಎತ್ತುವುದು. ನಮ್ಮ ಗ್ಯಾರೇಜಿನಲ್ಲಿ ಮತ್ತೆ ಸರಿಪಡಿಸಲಾಗದ ಕೆಲಸಕ್ಕೆ ಕಾರಿನ ಒಡೆಯರೇ ಬಂದು, ಭಾಗ ನೋಡಿ, ಒಪ್ಪಿಗೆ ಕೊಡಬೇಕು. ಬರೀ ಬಾಯಿಮಾತಿನ ನಿಯಮ, ಯಾರೂ ಪಾಲಿಸಿರಲಿಲ್ಲ. ನಾನು ಪಾಲಿಸಲು ತೀರ್ಮಾನಿಸಿದೆ.

"ಕಾರು ಯಾರ ಹೆಸರಲ್ಲಿದೆ?"

"ಅಮ್ಮನ ಹೆಸರಲ್ಲಿ. ಸುಮ್ನೆ, ಹೆಸರಿಗೆ ಅಷ್ಟೆ."

"ಹಾಗಾದ್ರೆ ಅಮ್ಮ ಬರ್ಲಿ. ಅವ್ರು ಹೂಂ ಅನ್ನೋವರೆಗೂ ಬ್ಲಾಕ್ ಈ ಮೇಜು ಬಿಟ್ಟು ಕದಲಲ್ಲ."

ನಿಜ ಹೇಳುತ್ತೇನೆ, ಆ ತಾಯಿಯಿಂದ ನಾನು ನಿರೀಕ್ಷಿಸಿದ್ದು ಒಂದು ವಾರದ ತಡ, ಅಷ್ಟೇ. ಯಾರೋ ಹೆಂಗಸು ಬರುತ್ತಾರೆ, ಇದೆಲ್ಲ ಯಾಕೆ ಬೇಕಿತ್ತು ಎಂದು ಮಗನನ್ನು ಬೈಯುತ್ತಾರೆ, ಕಾರು ಮಾರಿ ಎನ್ನುತ್ತಾರೆ. ಸ್ಲೀವಿಗಿಂತ ಮಾರಾಟವೇ ವಾಸಿ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಆಕೆ ಮೆಟ್ರೋ ಇಳಿದು ನಡೆದುಕೊಂಡು ಬಂದರು. ಹಣೆಯಲ್ಲಿ ವಿಭೂತಿ, ಚಪ್ಪಲಿಯಲ್ಲಿ ಸಿಮೆಂಟಿನ ಧೂಳು. ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರು. ಮಾಗಡಿ ರಸ್ತೆಯ ಆಚೆಗೂ ಕೆಂಗೇರಿ ಕಡೆಗೂ ಸೈಟುಗಳಿವೆ. ಬೆಂಗಳೂರಿಗೆ ಬಂದು ಎಷ್ಟು ಕಾಲವಾಗಿದ್ದರೂ ದಾವಣಗೆರೆ ಕಡೆಯ ಮಾತು ಮಾಸಿರಲಿಲ್ಲ. ಹಿಂದೆ ಮಗ, ಅವನ ಹಿಂದೆ ಅಡ್ಮಿನ್.

"ಒಡೆದದ್ದು ಯಾವುದವ್ವ? ತೋರ್ಸು."

ಪಿಸ್ಟನ್ ಕೊಟ್ಟೆ. ಆಕೆ ಚಕ್ಕೆಯೆದ್ದ ಅಂಚಿನ ಮೇಲೆ ಬೆರಳಾಡಿಸಿದರು.

"ತಾವರೆಕೆರೆ ದಾಟಿದ ಮೇಲೆ ಒಂದು ಏರು ಐತೆ. ಮುಂದೆ ಜಲ್ಲಿ ಲಾರಿ. ಮೂರನೇ ಗೇರಿಗೆ ತಂದು ಒತ್ತಿದೆ. ಚಟಚಟ ಅಂತು. ಲಾರಿ ಅರ್ಧ ದಾಟಿಬಿಟ್ಟಿದ್ದೆ, ಎದುರಿಗೆ ಬಸ್ಸು, ಕಾಲು ತೆಗೆಯೋ ಹಂಗಿರಲಿಲ್ಲ. ದಾಟಿಸಿದೆ. ಆಮೇಲೆ ನಿಂತೋಯ್ತು."

"ನಂದಿ ಬೆಟ್ಟ ಅಂತ..." ಎಂದು ನಾನು ಮಗನ ಕಡೆ ನೋಡಿದೆ. ಅವನು ಮೇಲೆ ಹೋಗುತ್ತಿದ್ದ ಮೆಟ್ರೋ ರೈಲನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಇವ್ನಾ?" ಎಂದರು ತಾಯಿ. "ಇವನು ಭಾನುವಾರ ಹೋಟ್ಲಿಗೆ ಒಯ್ದು ನಿಲ್ಲಿಸ್ತಾನೆ. ಓಡಿಸೋಳು ನಾನು."

ಅಡ್ಮಿನ್ನನ ಬಾಯಿ ತೆರೆದುಕೊಂಡದ್ದು ಹಾಗೇ ಇತ್ತು. ನನ್ನದೂ ಹೆಚ್ಚುಕಡಿಮೆ ಹಾಗೇ. ಇಷ್ಟು ದಿನ ಯಾರ ಚಾಲನೆಗಾಗಿ ಭಾಗ ಆರಿಸುತ್ತಿದ್ದೇವೆಂದು ಮತ ಹಾಕಿದವರೂ ಕೇಳಿರಲಿಲ್ಲ, ಅವರನ್ನು ಹೀಯಾಳಿಸಿದ ನಾನೂ ಕೇಳಿರಲಿಲ್ಲ.

ಆಕೆ ಬ್ಲಾಕಿನ ಮುಂದೆ ನಿಂತು ಕೇಳಿದರು, "ಇದು ಕೆಟ್ರೆ?"

"ಇನ್ನೊಂದು ಬ್ಲಾಕ್ ಸಿಗಲ್ಲಮ್ಮ. ಕಾರು ಮುಗೀತು."

"ಅಲ್ಲಿಗೆ ನಾನೂ ಮುಗಿದೆ. ಮನೆಯಾಗೆ ಆಗಲೇ ಆಟೋಮ್ಯಾಟಿಕ್ ಗಾಡಿ ನೋಡಿ ಇಟ್ಟಾರೆ, ಡ್ರೈವರ್‌ನೂ ನೋಡಿ ಇಟ್ಟಾರೆ. 'ನಿನ್ ವಯಸ್ಸಿಗೆ ಹಿಂದಿನ ಸೀಟಲ್ಲಿ ಕೂತ್ಕೊಂಡು ಹೋಗು' ಅಂತಾರೆ. ಇದು ಇನ್ನೊಂದು ಸಲ ನಿಂತ್ರೆ ಹಿಂದಿನ ಸೀಟೇ ನನಗೆ."

ಅಡ್ಮಿನ್ ಧೈರ್ಯ ತಂದುಕೊಂಡ. "ಆಂಟಿ, ಇದು ಸ್ವಲ್ಪ ಟೆಕ್ನಿಕಲ್. ಕೊರೆದು ಸ್ಲೀವ್ ಹಾಕಿದ್ರೆ ಮೊದಲಿಗಿಂತ ಗಟ್ಟಿ."

"ಹೌದೇನಪ್ಪ? ಪಿಲ್ಲರ್ ಕೊರೆದು ಪೈಪು ತೂರಿಸಿ, ಸುತ್ತ ಸಿಮೆಂಟ್ ಮೆತ್ತಿ, 'ಅಮ್ಮಾರೆ, ಮೊದಲಿಗಿಂತ ಗಟ್ಟಿ' ಅನ್ನೋ ಮೇಸ್ತ್ರಿ ನನಗೂ ಒಬ್ಬ ಸಿಕ್ಕಿದ್ದ. ಓಡಿಸಿದೆ."

ನನಗೆ ಕಪ್ಪು ತಂದುಕೊಟ್ಟ ಯಾವ ಭಾಷಣವೂ ಇದರ ಹತ್ತಿರ ಸುಳಿಯುವುದಿಲ್ಲ. ಹೊಟ್ಟೆಕಿಚ್ಚಾಯಿತು.

"ನಿಮಗೆ ಏನು ಬೇಕು ಹೇಳಿ," ಎಂದೆ.

"ಎರಡು ಸಾವಿರಕ್ಕೇ ಎಳೀಬೇಕು. ಏರಿನಾಗೆ ಬಿಸಿಯಾಗಿ ಸಾಯಬಾರದು. ಬ್ರೇಕ್ ಹಿಡಿದ್ರೆ ನಿಲ್ಲಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಓಣಿಯೆಲ್ಲ ಏಳಬಾರದು. ಇಷ್ಟೇ."

ಇಷ್ಟೇ! ಆ ಗುಂಪು ತಿಂಗಳುಗಟ್ಟಲೆ ಮತ ಹಾಕಿದ್ದರಲ್ಲಿ ಈ ನಾಲ್ಕು ಮಾತಿನಲ್ಲಿ ಒಂದೂ ಬಂದಿರಲಿಲ್ಲ. ಮೇಜಿನ ಮೇಲಿದ್ದ, ಗುಂಪು ಆರಿಸಿದ್ದ ಹೊಳೆಯುವ ಪಿಸ್ಟನ್ನುಗಳ ಡಬ್ಬಿ ಮುಚ್ಚಿ ಮಗನ ಕೈಗಿಟ್ಟೆ.

ಅಲ್ಲಿಂದ ಆಯ್ಕೆ ಸಲೀಸಾಯಿತು. ಪಿಸ್ಟನ್ನು ಅರ್ಧ ಮಿಲಿಮೀಟರ್ ಓವರ್. ಎರಕದ್ದಲ್ಲ, ಒತ್ತಿ ಬಡಿದು ಮಾಡಿದ ಫೋರ್ಜ್ಡ್. ಆದರೆ ಗುಂಪು ಆರಿಸಿದ ಜಾತಿಯದಲ್ಲ. ಫೋರ್ಜ್ಡ್ ಪಿಸ್ಟನ್ನಿನಲ್ಲಿ ಎರಡು ಬಗೆಯ ಮಿಶ್ರಲೋಹವಿದೆ. ಸಿಲಿಕಾನ್ ಕಡಿಮೆಯಿರುವುದು ಪೆಟ್ಟು ಹೆಚ್ಚು ತಡೆಯುತ್ತದೆ, ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಅದಕ್ಕೆ ಸಿಲಿಂಡರಿನಲ್ಲಿ ಸಡಿಲ ಜಾಗ ಬಿಡಬೇಕು. ತಣ್ಣಗಿರುವಾಗ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ ಬಡಿದುಕೊಳ್ಳುತ್ತದೆ. ರೇಸಿನ ಇಂಜಿನ್ನಿಗೆ ಸರಿ. ದಿನಾ ಬೆಳಿಗ್ಗೆ ಸೈಟಿಗೆ ಹೊರಡುವವರಿಗಲ್ಲ. ಸಿಲಿಕಾನ್ ಹೆಚ್ಚಿರುವುದು ಕಡಿಮೆ ಹಿಗ್ಗುತ್ತದೆ, ಬಿಗಿಯಾಗಿ ಕೂರುತ್ತದೆ, ಸದ್ದಿಲ್ಲ, ಸವಕಳಿಯೂ ಕಡಿಮೆ. ಅದನ್ನೇ ತರಿಸಿದೆ.

ಟರ್ಬೋ ಹೊಸದು, ಅಳತೆ ಮಾತ್ರ ಮೂಲದ್ದೇ. ಪಿಸ್ಟನ್ನಿನ ಕೆಳಗಿನ ರಾಡುಗಳು ಸೊಟ್ಟಗಾಗಿಲ್ಲವೆಂದು ಪರೀಕ್ಷಿಸಿ, ಬೋಲ್ಟು ಮಾತ್ರ ಬದಲಿಸಿದೆ. ಅಡ್ಮಿನ್ನನ ಸಾಫ್ಟ್‌ವೇರ್ ಅಳಿಸಿ ಒತ್ತಡವನ್ನು ಹದಕ್ಕೆ ಇಳಿಸಿದೆ, ಅಷ್ಟಕ್ಕೆ ಅವು ಸಾಕು. ಉಳಿದ ಗಮನವೆಲ್ಲ ಶಾಖದ ಕಡೆ: ದೊಡ್ಡ ಇಂಟರ್‌ಕೂಲರ್, ಆಯಿಲಿಗೊಂದು ಪುಟ್ಟ ಕೂಲರ್, ಶಾಖವನ್ನು ಬೇಗ ಬಿಟ್ಟುಕೊಡುವ ಸ್ಪಾರ್ಕ್ ಪ್ಲಗ್. ಬ್ರೇಕಿಗೆ ಒಳ್ಳೆಯ ಪ್ಯಾಡು.

ಮಾಲೀಕರು ಎಲ್ಲವನ್ನೂ ನೋಡಿ ಮುಖ ಸಿಂಡರಿಸಿದರು. "ಇದ್ರಲ್ಲಿ ತೋರ್ಸೋಕೆ ಏನಿದೆ ಲಾಯರಮ್ಮ? ಬಾನೆಟ್ ಎತ್ತಿದ್ರೆ ಹಳೇ ಗಾಡೀನೇ ಕಾಣುತ್ತೆ."

"ಮುಚ್ಚಿಟ್ಟು ಓಡಿಸ್ತಾರೆ ಬಿಡಿ."

ಹೊಸ ಪಿಸ್ಟನ್ ಬಂದ ಮೇಲೆ ಒಂದೊಂದನ್ನೂ ಅಳೆದು ಬೋರಿಂಗ್ ಶಾಪಿಗೆ ಹೋದೆ. ಜೊತೆಗೊಂದು ದಪ್ಪ ಉಕ್ಕಿನ ಹಲಗೆ ಒಯ್ದಿದ್ದೆ. ಇಂಜಿನ್ನಿನ ತಲೆಯನ್ನು ಬೋಲ್ಟು ಹಾಕಿ ಬಿಗಿದಾಗ ಸಿಲಿಂಡರುಗಳು ಕೂದಲೆಳೆಯಷ್ಟು ಸೊಟ್ಟಗಾಗುತ್ತವೆ. ಕೊರೆಯುವಾಗಲೇ ತಲೆಯ ಬದಲು ಈ ಹಲಗೆ ಬಿಗಿದರೆ, ಆ ಸೊಟ್ಟದಲ್ಲೇ ದುಂಡಗೆ ಕೊರೆದಂತಾಗುತ್ತದೆ.

"ನಮ್ಮಪ್ಪನ ಕಾಲ್ದಿಂದ ಪ್ಲೇಟಿಲ್ದೆ ಹೊಡೀತಿದೀವಿ," ಎಂದ ಶಾಪಿನ ಯಜಮಾನ.

"ಗೊತ್ತಣ್ಣ. ಆ ಗಾಡಿಗಳು ಬಿಡೋ ಹೊಗೇನೂ ಅವತ್ತಿಂದ ನೋಡ್ತಿದೀವಿ."

ಗೊಣಗುತ್ತಲೇ ಬಿಗಿದ. ಅವನು ಕೊರೆದು ಮುಗಿಸುವವರೆಗೂ ನಾನು ಪಕ್ಕದಿಂದ ಕದಲಲಿಲ್ಲ. ಕೊನೆಗೆ ತೆಳು ಗೋಡೆಯ ಮೇಲೆ ಉಪಕರಣ ಇಟ್ಟೆ. ಬೇಕಾದಷ್ಟು ಉಳಿದಿತ್ತು.

ಇನ್ನೇನು ಜೋಡಿಸುವುದೊಂದೇ ಬಾಕಿ ಎನ್ನುವಾಗ ರಿಂಗು ಕೈಕೊಟ್ಟಿತು. ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವೆ ಸಣ್ಣ ಸಂದು ಇರಬೇಕು. ಟರ್ಬೋದ ಬಿಸಿಗೆ ರಿಂಗು ಹಿಗ್ಗಿ ತುದಿಗೆ ತುದಿ ತಾಗಿದರೆ, ಅದು ಪಿಸ್ಟನ್ನಿನ ಅಂಚನ್ನೇ ಕಿತ್ತುಕೊಂಡು ಬರುತ್ತದೆ. ಡಬ್ಬಿಯಲ್ಲಿ ಬಂದ ರಿಂಗುಗಳ ಸಂದು ನಮ್ಮ ಕೆಲಸಕ್ಕೆ ಕಿರಿದಾಗಿತ್ತು. ಒಂದೊಂದನ್ನೇ ಅರದಿಂದ ಉಜ್ಜಿ, ಸಿಲಿಂಡರಿಗಿಳಿಸಿ, ಸಂದು ಅಳೆದು, ಮತ್ತೆ ಉಜ್ಜಬೇಕು. ಕೊನೆಯದು ನನ್ನ ಕೈಯಲ್ಲೇ ಪಟ್ಟೆಂದಿತು. ಬಿಡಿ ರಿಂಗು ಸಿಗುವುದಿಲ್ಲ. ಇಡೀ ಸೆಟ್ಟು ಮತ್ತೆ ಹಡಗು ಹತ್ತಿ ಬರಬೇಕು.

ಫೋನ್ ಮಾಡಿ ಆಕೆಗೆ ಹೇಳಿದೆ. "ಒಂದು ರಿಂಗ್ ಮುರಿದೆ ಅಮ್ಮ. ತಡ ಆಗುತ್ತೆ."

"ತರಿಸವ್ವ. ಅವಸರದಾಗೆ ಮುರಿದದ್ದೇ ಹಾಕಬ್ಯಾಡ." ಹಿಂದೆ ಯಾವುದೋ ಹಾರ್ನು ಕೂಗಿತು. ಆಕೆ ದನಿ ತಗ್ಗಿಸಿದರು. "ಆದ್ರೂ ಲಗೂ ನೋಡು. ಡ್ರೈವರ್ ಬಂದಾನೆ. ಒಂದು ಕುರಿ ದಾಟಿಸಾಕೆ ಹತ್ತು ಸಲ ಹಾರ್ನು ಹೊಡೀತಾನೆ."

ರಿಂಗು ಬಂತು, ಉಜ್ಜಿದೆ, ಕೂರಿಸಿದೆ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಆಕೆ ಬಂದು ನಿಂತು, ಬಾನೆಟ್ಟಿಗೆ ಕಿವಿಯಿಟ್ಟು ಕೇಳಿದರು. ಬಡಿತವಿರಲಿಲ್ಲ. ಹೊಸ ಇಂಜಿನ್ ಪಳಗುವವರೆಗೆ ಒತ್ತಬಾರದೆಂದು ಹೇಳಿದ್ದೆ. ಒತ್ತಲಿಲ್ಲ. ಅಷ್ಟರಲ್ಲಿ ಮಗನ ಗುಂಪಿನಲ್ಲಿ 'ನಮ್ಮ ಬಿಲ್ಡ್ ರೆಡಿ' ಎಂಬ ವಿಡಿಯೋ ಹರಿದಾಡಿತು. ಅದರಲ್ಲಿ ಬೋಲ್ಟು ಬಿಗಿಯುವ ನನ್ನ ಕೈ ಇತ್ತು, ಮುಖವಿರಲಿಲ್ಲ. ಕೆಳಗೆ ಅಡ್ಮಿನ್ ಬರೆದಿದ್ದ: 'ಅರ್ಧ ಮಿಲಿಮೀಟರೇ ಬೆಸ್ಟ್ ಅಂತ ನಾನು ಮೊದಲೇ ಹೇಳಿದ್ದೆ.' ಇಂಥವರೊಡನೆ ವಾದ ಮಾಡಿ ಗೆಲ್ಲುವುದು ಹೇಗೆ? ನಾವು ಗೆದ್ದ ಕೂಡಲೇ ಅವರು ನಮ್ಮ ಪಕ್ಷದಲ್ಲಿರುತ್ತಾರೆ.

ಕೊನೆಯ ಪರೀಕ್ಷೆಗೆ ಮಾಗಡಿ ರಸ್ತೆಗೇ ಹೋದೆವು. ತಾಯಿ ಸ್ಟೀರಿಂಗ್ ಹಿಡಿದರು. ಪಕ್ಕದಲ್ಲಿ ನಾನು, ನಾಕಿಂಗ್ ತೋರಿಸುವ ಟ್ಯಾಬ್ ತೊಡೆಯ ಮೇಲಿಟ್ಟುಕೊಂಡು. ಮಗ ಹಿಂದಿನ ಸೀಟಿನಲ್ಲಿ, ಗುಂಪಿಗಾಗಿ ವಿಡಿಯೋ ತೆಗೆಯುತ್ತ.

ತಾವರೆಕೆರೆ ದಾಟಿತು. ಅದೇ ಏರು. ಮುಂದೆ ಜಲ್ಲಿ ಲಾರಿ, ಅದರ ಮುಂದೆ ಖಾಲಿ ರಸ್ತೆ. ಆಕೆ ಕನ್ನಡಿ ನೋಡಿ, ಮೂರನೇ ಗೇರಿಗಿಳಿಸಿ, ಒತ್ತಿದರು. ಎರಡು ಸಾವಿರಕ್ಕೇ ಕಾರು ಬೆನ್ನಿಗೆ ಕೈಯಿಟ್ಟು ದಬ್ಬಿತು. ಟ್ಯಾಬಿನಲ್ಲಿ ಗೆರೆ ನೇರವಾಗಿತ್ತು. ಒಂದು ಚಟ್ ಸದ್ದೂ ಇಲ್ಲ. ಲಾರಿ ಹಿಂದಾಯಿತು. ಆಕೆ ಕಾಲು ತೆಗೆಯಲಿಲ್ಲ.

"ಅಮ್ಮಾ! ನಿಧಾನ! ಅಮ್ಮಾ, ಸಾಕು!" ಹಿಂದಿನಿಂದ ಕಿರುಚಿದ, ದೊಡ್ಡ ಟರ್ಬೋಗೆ ಮತ ಹಾಕಿದವನು. ಫೋನ್ ಎಲ್ಲೋ ಬಿದ್ದ ಸದ್ದಾಯಿತು.

ಆಕೆ ಏರಿನ ನೆತ್ತಿಯವರೆಗೂ ಹಾಗೇ ಒಯ್ದು, ಅಲ್ಲಿ ಬ್ರೇಕು ಹಿಡಿದರು. ಕಾರು ಗಪ್ಪನೆ ನಿಂತಿತು. ಆಮೇಲೆ ಕನ್ನಡಿಯಲ್ಲಿ ಮಗನನ್ನು ನೋಡಿ ಕೇಳಿದರು:

"ಹಿಂದಿನ ಸೀಟು ಹೆಂಗೈತಪ್ಪ?"